ಮನೆಯಲ್ಲೇ ಡೇ ಕೇರ್: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಲ್ಲಿ ಯಾವ ಪರವಾನಗಿ ಬೇಕು, ಯಾವುದು ಮೊದಲು?

ಮನೆಯಲ್ಲಿ ಡೇ ಕೇರ್ ನಡೆಸಲು ಅರ್ಜಿ ಹಾಕಿ ಬರಿಗೈಯಲ್ಲಿ ವಾಪಸು ಬಂದವರ ಕಾಗದಪತ್ರ ಬಿಚ್ಚಿ ನೋಡಿ. ಬಾಡಿಗೆ ಕರಾರಿನಲ್ಲಿ ‘ವಾಸಕ್ಕೆ ಮಾತ್ರ’ ಎಂದಿರುತ್ತದೆ, ಪಾಲಿಕೆಗೆ ಕೊಟ್ಟ ಅರ್ಜಿಯಲ್ಲಿ ‘ಶಿಶುಪಾಲನಾ ಕೇಂದ್ರ’ ಎಂದಿರುತ್ತದೆ, ಗೇಟಿಗೆ ಆಗಲೇ ತೂಗುಹಾಕಿದ ಬೋರ್ಡಿನಲ್ಲಿ ‘ಪ್ಲೇ ಸ್ಕೂಲ್’ ಎಂದಿರುತ್ತದೆ. ಮೂರು ಕಾಗದ ಮೂರು ಮಾತು ಹೇಳಿದರೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ, ಹಾಕಲೂಬಾರದು.

ಡೇ ಕೇರ್ ವಿಷಯದಲ್ಲಿ ಒಂದು ಕಚೇರಿಗೆ ಹೋಗಿ, ಒಂದು ಅರ್ಜಿ ಕೊಟ್ಟು, ಒಂದು ಪ್ರಮಾಣಪತ್ರ ತಂದರೆ ಮುಗಿಯಿತು ಎನ್ನುವ ಹಾಗಿಲ್ಲ. ಸ್ಥಳೀಯ ಸಂಸ್ಥೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಆಹಾರ ಸುರಕ್ಷತೆ, ಪೊಲೀಸ್, ಕಾರ್ಮಿಕ ಇಲಾಖೆ, ಹೆಸ್ಕಾಂ ಹೀಗೆ ಬೇರೆ ಬೇರೆ ಕಡೆಯ ಕಾಗದಗಳು ಸೇರಿ ನಿಮ್ಮ ಫೈಲ್ ತಯಾರಾಗುತ್ತದೆ. ಆದ್ದರಿಂದ ಕ್ರಮ ಮುಖ್ಯ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಮೊದಲೇ ಜೋಡಿಸಿಟ್ಟುಕೊಳ್ಳಿ

ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಅಳತೆಯ ಫೋಟೊ, ಈ ಸಾಲಿನ ಮನೆಪಟ್ಟಿ ಕಟ್ಟಿದ ರಶೀದಿ, ಆಸ್ತಿಯ ಉತಾರ, ಆಧಾರ್‌ಗೆ ಜೋಡಿಸಿದ ಮೊಬೈಲ್, ಒಂದು ಅಳತೆ ಟೇಪು, ಒಂದು ಗಟ್ಟಿ ಫೈಲ್. ಆಧಾರ್‌ನಲ್ಲಿ ತವರಿನ ಹೆಸರು, ಪ್ಯಾನ್‌ನಲ್ಲಿ ಗಂಡನ ಮನೆಯ ಹೆಸರು ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಆನ್‌ಲೈನ್ ಅರ್ಜಿಗಳು ಅಕ್ಷರ ವ್ಯತ್ಯಾಸಕ್ಕೂ ನಿಂತುಬಿಡುತ್ತವೆ.

ಹಂತ 1: ನೀವು ನಡೆಸುವುದು ಏನು ಎಂದು ಒಂದು ಪುಟದಲ್ಲಿ ಬರೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತವೇ ಇದು. ಒಂದು ಹಾಳೆಯ ಮೇಲೆ ಐದು ಪ್ರಶ್ನೆಗೆ ಉತ್ತರ ಬರೆಯಿರಿ. ಎಷ್ಟು ವಯಸ್ಸಿನ ಮಕ್ಕಳು? ಒಟ್ಟಿಗೆ ಹೆಚ್ಚೆಂದರೆ ಎಷ್ಟು ಮಂದಿ? ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ? ಊಟ ನೀವು ಮಾಡಿ ಬಡಿಸುತ್ತೀರೋ, ಡಬ್ಬಿ ಮನೆಯಿಂದ ಬರುತ್ತದೋ? ಪಾಠ ಹೇಳುತ್ತೀರೋ ಇಲ್ಲವೋ?

ಯಾವ ಕಚೇರಿಯ ಬಾಗಿಲು ತಟ್ಟಬೇಕು ಎನ್ನುವುದು ಈ ಉತ್ತರಗಳಿಂದಲೇ ಗೊತ್ತಾಗುತ್ತದೆ. 3ರಿಂದ 6 ವರ್ಷದ ಮಕ್ಕಳಿಗೆ ದಿನಕ್ಕೆ ಮೂರ್ನಾಲ್ಕು ತಾಸು ಆಟ-ಪಾಠ ನಡೆಸಿದರೆ ಅದು ಪ್ಲೇ ಸ್ಕೂಲ್. ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಬೇರೆಯೇ ಇದೆ. ಅದರ ಪ್ರಕಾರ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಜೊತೆಗೆ ಒಬ್ಬ ಸಹಾಯಕಿ ಇರಬೇಕು, ಮೂರು ವರ್ಷ ತುಂಬದ ಮಗುವನ್ನು ಸೇರಿಸಿಕೊಳ್ಳುವಂತಿಲ್ಲ. ಎಲ್‌ಕೆಜಿ, ಯುಕೆಜಿ ಎಂದು ತರಗತಿ ಮಾಡಿದರೆ ಕರ್ನಾಟಕ ಶಿಕ್ಷಣ ಕಾಯ್ದೆಯ ಲೆಕ್ಕಕ್ಕೆ ಬಂದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಬೇಕಾಗುತ್ತದೆ. ರಾತ್ರಿ ಮಕ್ಕಳನ್ನು ಇಟ್ಟುಕೊಳ್ಳುವ ಯೋಚನೆಯನ್ನಂತೂ ಪೂರ್ತಿ ಬಿಡಿ. ವಸತಿಯ ಪ್ರಶ್ನೆ ಬಂದ ಕೂಡಲೇ ಬಾಲನ್ಯಾಯ ಕಾಯ್ದೆಯ ಅಡಿಯ ನೋಂದಣಿಯ ಮಾತು ಬರುತ್ತದೆ, ಅದು ಮನೆಯಲ್ಲಿ ನಿಭಾಯಿಸುವಂಥದ್ದಲ್ಲ.

‘ಮುಂಜಾನೆ 9ರಿಂದ ಸಂಜೆ 6ರವರೆಗೆ, 1ರಿಂದ 5 ವರ್ಷದ ಹೆಚ್ಚೆಂದರೆ 8 ಮಕ್ಕಳ ಹಗಲು ಶಿಶುಪಾಲನಾ ಕೇಂದ್ರ, ಔಪಚಾರಿಕ ಪಾಠ ಇಲ್ಲ, ರಾತ್ರಿ ವಸತಿ ಇಲ್ಲ’: ಹೀಗೆ ನೇರವಾಗಿ ಬರೆಯಿರಿ. ಇದೇ ಮಾತು, ಇದೇ ಹೆಸರು, ಇದೇ ಅಂಕಿ ಮುಂದಿನ ಎಲ್ಲ ಅರ್ಜಿಗಳಲ್ಲೂ ಇರಲಿ. ಮಕ್ಕಳ ಸಂಖ್ಯೆಯನ್ನು ಆಸೆಯಿಂದ ಹೆಚ್ಚು ಬರೆಯಬೇಡಿ. ನನ್ನ ಅಭಿಪ್ರಾಯದಲ್ಲಿ ಒಂದೂವರೆ ವರ್ಷದೊಳಗಿನ ಕೂಸುಗಳಾದರೆ ಒಬ್ಬರ ಕೈಗೆ ಮೂರಕ್ಕಿಂತ ಹೆಚ್ಚು ಬೇಡ, ಓಡಾಡುವ ಮಕ್ಕಳಾದರೆ ಐದು. ಬೆಂಕಿ ಬಿದ್ದರೆ ಒಬ್ಬರು ಎಷ್ಟು ಮಕ್ಕಳನ್ನು ಒಂದೇ ಸಲಕ್ಕೆ ಹೊರಗೆ ತರಬಲ್ಲರು ಎಂದು ಯೋಚಿಸಿದರೆ ಈ ಲೆಕ್ಕ ತಾನೇ ಅರ್ಥವಾಗುತ್ತದೆ.

ಹಂತ 2: ಮನೆಯ ಕಾಗದ ಸರಿಮಾಡಿಕೊಳ್ಳಿ

ಸ್ವಂತ ಮನೆಯಾದರೆ ಉತಾರದಲ್ಲಿ ಯಾರ ಹೆಸರಿದೆ ನೋಡಿ. ಮಾವನವರ ಹೆಸರಿನಲ್ಲಿದ್ದರೆ ಅವರ ಲಿಖಿತ ಒಪ್ಪಿಗೆ ಬೇಕು. ಅವರು ತೀರಿಕೊಂಡು ವಾರಸಾ ಆಗದೇ ಉಳಿದಿದ್ದರೆ ಮೊದಲು ಆ ಕೆಲಸ ಮುಗಿಸಿ. ಹಳೇ ಹುಬ್ಬಳ್ಳಿ, ಧಾರವಾಡದ ಹಳೆಯ ಓಣಿಗಳಲ್ಲಿ ಸಿಟಿಎಸ್ (ನಗರ ಸರ್ವೆ) ನಂಬರ್ ಒಂದು, ಪಾಲಿಕೆಯ ಆಸ್ತಿ ಸಂಖ್ಯೆ ಇನ್ನೊಂದು. ಅರ್ಜಿಯಲ್ಲಿ ಎರಡನ್ನೂ ಬರೆಯಿರಿ.

ಬಾಡಿಗೆ ಮನೆಯಾದರೆ ಮಾಲಕರ ಜೊತೆ ಬಾಯಿಮಾತು ಸಾಲದು. “ಅದಕ್ಕೇನ್ರೀ ಅಕ್ಕಾರ, ಹುಡುಗ್ರನ್ನ ಆಡಿಸ್ಕೊಂಡಿರ್ತೀರಿ, ನಂದೇನ್ ತಕರಾರಿಲ್ಲ” ಎಂದವರೇ ಪಾಲಿಕೆಯವರು ಬಂದು ವಾಣಿಜ್ಯ ದರದ ಆಸ್ತಿ ತೆರಿಗೆಯ ಮಾತೆತ್ತಿದಾಗ ಹಿಂದೆ ಸರಿಯುತ್ತಾರೆ. ಮನೆಯ ಒಂದು ಭಾಗವನ್ನು ದಂಧೆಗೆ ಬಳಸಿದರೆ ತೆರಿಗೆ ಹೆಚ್ಚಾಗಬಹುದು. ಆ ಹೆಚ್ಚಿನ ಮೊತ್ತ ಯಾರು ಕೊಡಬೇಕು ಎನ್ನುವುದು ಕರಾರಿನಲ್ಲೇ ಬರಲಿ. ‘ವಾಸ ಹಾಗೂ ಹಗಲು ಶಿಶುಪಾಲನೆ’ ಎಂದು ಉದ್ದೇಶ ಬರೆಸಿ, ಇ-ಸ್ಟಾಂಪ್ ಹಾಳೆಯ ಮೇಲೆ ಕರಾರು ಹೊಸದಾಗಿ ಮಾಡಿಸಿಕೊಳ್ಳಿ. ಅಪಾರ್ಟ್‌ಮೆಂಟ್ ಆದರೆ ನಿವಾಸಿಗಳ ಸಂಘದ ಒಪ್ಪಿಗೆ ಪತ್ರವೂ ಬೇಕು.

ಮನೆ ಪಾಲಿಕೆ ಗಡಿಯ ಒಳಗಿದೆಯೋ ಹೊರಗಿದೆಯೋ ಎಂದೂ ಈ ಹಂತದಲ್ಲೇ ಖಚಿತ ಮಾಡಿಕೊಳ್ಳಿ. ಊರಂಚಿನ ಹೊಸ ಲೇಔಟ್‌ಗಳಲ್ಲಿ ವಿಳಾಸ ‘ಹುಬ್ಬಳ್ಳಿ’ ಎಂದಿದ್ದರೂ ಆಸ್ತಿ ಗ್ರಾಮ ಪಂಚಾಯಿತಿಯದ್ದಾಗಿರಬಹುದು. ಕೈಯಲ್ಲಿರುವುದು ಇ-ಸ್ವತ್ತು ನಮೂನೆ 9 ಮತ್ತು 11 ಆದರೆ ನಿಮ್ಮ ಅರ್ಜಿ ಹೋಗಬೇಕಾದದ್ದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ.

ಹಂತ 3: ಪರಿಶೀಲನೆಗೆ ಬರುವ ಮೊದಲು ಮನೆ ತಯಾರು ಮಾಡಿ

ಅರ್ಜಿ ಹಾಕಿ, ಆರೋಗ್ಯ ನಿರೀಕ್ಷಕರು ಬರುವ ದಿನ ಗೊತ್ತಾದ ಮೇಲೆ ಓಡಾಡುವುದು ತಪ್ಪು ಕ್ರಮ. ಮನೆ ಮೊದಲು, ಅರ್ಜಿ ಆಮೇಲೆ.

ನೀರಿನಿಂದ ಶುರುಮಾಡಿ. ನಮ್ಮ ಕಡೆ ನಲ್ಲಿ ನೀರು ದಿನಾ ಬರದ ಓಣಿಗಳಲ್ಲಿ ಅಂಗಳದಲ್ಲಿ ನೆಲದೊಳಗಿನ ಸಂಪು, ಬಚ್ಚಲಲ್ಲಿ ತುಂಬಿಟ್ಟ ಬ್ಯಾರಲ್ಲು, ಹಿತ್ತಲಲ್ಲಿ ಬಕೆಟ್ಟುಗಳ ಸಾಲು ಇದ್ದದ್ದೇ. ಎರಡು ವರ್ಷದ ಕೂಸಿಗೆ ಇವೆಲ್ಲ ಪ್ರಾಣಾಪಾಯ. ಬಗ್ಗಿ ನೋಡಿ ಮುಗ್ಗರಿಸಿದರೆ ಅರ್ಧ ಬಕೆಟ್ ನೀರೂ ಸಾಕು. ಸಂಪಿನ ಮುಚ್ಚಳದ ಹತ್ತಿರ ನೀವೇ ಕೂತು ಪರೀಕ್ಷಿಸಿ: ತಗಡಿನ ಮುಚ್ಚಳದ ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುತ್ತದೆಯೇ? ಪೈಪ್ ಇಳಿಸಲು ಕೊರೆದ ಸಂದಿಯಲ್ಲಿ ಮಗುವಿನ ಕಾಲು ಇಳಿಯುತ್ತದೆಯೇ? ತುಕ್ಕು ಹಿಡಿದ ಕೀಲು ಕೈಗೆ ಬರುತ್ತದೆಯೇ? ಹೌದು ಎಂದಾದರೆ ವೆಲ್ಡಿಂಗ್ ಅಂಗಡಿಯವರಿಂದ ಕಬ್ಬಿಣದ ಚೌಕಟ್ಟು, ದಪ್ಪ ಮುಚ್ಚಳ, ಬೀಗ ಹಾಕುವ ಕೊಂಡಿ ಮಾಡಿಸಿ. ಬೀಗದ ಕೈ ದೊಡ್ಡವರ ಎತ್ತರದ ಮೊಳೆಯ ಮೇಲಿರಲಿ. ನೀರು ಬಿಡುವ ದಿನ ಮುಚ್ಚಳ ತೆಗೆದಿಟ್ಟು ಮೋಟಾರ್ ಹಚ್ಚಲು ಒಳಗೆ ಹೋಗುವ ರೂಢಿ ಎಲ್ಲರ ಮನೆಯಲ್ಲೂ ಇದೆ, ಅದನ್ನು ನಿಲ್ಲಿಸಿ. ಬಚ್ಚಲಿನ ಬಾಗಿಲಿಗೆ ಹೊರಗಿನಿಂದ ಮೇಲೆ ಚಿಲಕ ಇರಬೇಕು.

ಆಮೇಲೆ ಮಾಳಿಗೆ ಮೆಟ್ಟಿಲು. ಮೇಲೂ ಕೆಳಗೂ ಗೇಟ್ ಬೇಕು. ಬಾಲ್ಕನಿ ಕಂಬಿಗಳ ನಡುವೆ ಮಗುವಿನ ತಲೆ ತೂರುವಷ್ಟು ಸಂದಿ ಇದ್ದರೆ ಜಾಳಿಗೆ ಕಟ್ಟಿಸಿ. ಕೈಗೆಟುಕುವ ಪ್ಲಗ್ಗುಗಳಿಗೆ ಮುಚ್ಚಳ, ಮೀಟರ್ ಪೆಟ್ಟಿಗೆಯಲ್ಲಿ ಭೂಸೋರಿಕೆ ತಡೆಯುವ ಇಎಲ್‌ಸಿಬಿ, ಅಡುಗೆಮನೆಗೆ ಅಡ್ಡಗೇಟು, ಬೆಂಕಿ ಆರಿಸುವ ಎಬಿಸಿ ಮಾದರಿಯ ಸಿಲಿಂಡರ್ ಇರಲಿ. ಅದರ ಒತ್ತಡದ ಮುಳ್ಳು ಹಸಿರು ಭಾಗದಲ್ಲಿದೆಯೇ ನೋಡಿ, ಬಳಸುವುದನ್ನು ಮನೆಯವರೆಲ್ಲ ಕಲಿಯಿರಿ. ಫಿನೈಲ್, ಆಸಿಡ್, ಇಲಿ ಪಾಷಾಣ, ಅಜ್ಜ-ಅಜ್ಜಿಯರ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಗುಳಿಗೆ ಬೀಗದ ಕಪಾಟಿನಲ್ಲಿರಲಿ. ದಿಂಬಿನ ಪಕ್ಕದ ಗುಳಿಗೆ ಡಬ್ಬಿಯನ್ನು ಎಷ್ಟೋ ಮನೆಗಳಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪಡಸಾಲೆ, ಮಲಗುವ ಕೋಣೆ, ಶೌಚಾಲಯ, ಹೊರಬಾಗಿಲು ಎಲ್ಲ ತೋರಿಸುವ ಸರಳ ನಕ್ಷೆಯನ್ನು ಅಳತೆ ಸಮೇತ ಕೈಯಲ್ಲೇ ಬರೆದಿಡಿ. ಮಕ್ಕಳು ಬಳಸುವ ಕೋಣೆಗೆ ಗುರುತು ಹಾಕಿ.

ಹಂತ 4: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಪತ್ರ

ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಇಲಾಖೆಯ ಉಪನಿರ್ದೇಶಕರ ಕಚೇರಿ ಇದೆ. ಅದರ ಕೆಳಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಎಲ್ಲರೂ ಕರೆಯುವ ಸಿಡಿಪಿಒ ಇರುತ್ತಾರೆ. ಹಂತ 1ರ ಪುಟ, ಹಂತ 3ರ ನಕ್ಷೆ ಜೋಡಿಸಿ, ‘ಈ ಸ್ವರೂಪದ ಕೇಂದ್ರಕ್ಕೆ ನಿಮ್ಮ ಇಲಾಖೆಯಿಂದ ಯಾವ ನೋಂದಣಿ ಅಥವಾ ಅನುಮತಿ ಬೇಕು ಎಂಬುದನ್ನು ಲಿಖಿತವಾಗಿ ತಿಳಿಸಬೇಕು’ ಎಂದು ಅರ್ಜಿ ಕೊಡಿ.

ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸಾಹೇಬರ ಟೇಬಲ್ ಮೇಲೆ ಇಟ್ಟುಬಂದ ಪತ್ರಕ್ಕೆ ಲೆಕ್ಕವಿಲ್ಲ. ಯಾರಾದರೂ “ಮನ್ಯಾಗ ಮಾಡೂದಕ್ಕ ಏನೂ ಬೇಕಾಗಿಲ್ಲ ಹೋಗ್ರಿ” ಎಂದರೆ, “ಆಗ್ಲಿರೀ ಸರ್, ಅದನ್ನ ಇದರ ಮ್ಯಾಲ ಬರದ್ ಕೊಡ್ರಿ” ಎಂದು ವಿನಯದಿಂದಲೇ ಕೇಳಿ. ನಾಳೆ ಯಾರಾದರೂ ದೂರು ಕೊಟ್ಟರೆ ನಿಮ್ಮನ್ನು ಕಾಯುವುದು ಆ ಒಂದು ಸಾಲು. ಉತ್ತರ ಬರಲು ತಡವಾಗಬಹುದು, ಆದರೂ ಇನ್‌ವರ್ಡ್ ನಂಬರ್ ಸಿಕ್ಕ ಕೂಡಲೇ ಮುಂದಿನ ಹಂತಕ್ಕೆ ಅರ್ಜಿ ಹಾಕಬಹುದು.

ಹಂತ 5: ಉದ್ದಿಮೆ ಪರವಾನಗಿ

ಈ ಪರವಾನಗಿ (ಟ್ರೇಡ್ ಲೈಸೆನ್ಸ್) ಕೊಡುವುದು ಹುಬ್ಬಳ್ಳಿ-ಧಾರವಾಡದಲ್ಲಿ ಮಹಾನಗರ ಪಾಲಿಕೆ, 1976ರ ಪಾಲಿಕೆಗಳ ಕಾಯ್ದೆಯಡಿ. ಗದಗ-ಬೆಟಗೇರಿ ಮತ್ತು ಹಾವೇರಿಯಲ್ಲಿ ನಗರಸಭೆ, 1964ರ ಪುರಸಭೆಗಳ ಕಾಯ್ದೆಯಡಿ. ಪಾಲಿಕೆಯಲ್ಲಾದರೆ ನಿಮ್ಮ ವಾರ್ಡ್ ಯಾವ ವಲಯ ಕಚೇರಿಗೆ ಸೇರಿದೆ ಎಂದು ಮನೆಪಟ್ಟಿ ರಶೀದಿಯಲ್ಲೇ ನೋಡಿಕೊಳ್ಳಿ. ವಿದ್ಯಾನಗರದವರು ಕೇಶ್ವಾಪುರದ ಕಚೇರಿಗೆ ಹೋಗಿ ದಿನ ಕಳೆಯುವುದು ಬೇಡ.

ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ. ತೊಡಕು ಬರುವುದು ಉದ್ದಿಮೆಯ ವರ್ಗ ಆರಿಸುವ ಜಾಗದಲ್ಲಿ. ಪಟ್ಟಿಯಲ್ಲಿ ನಿಮ್ಮ ಕೆಲಸಕ್ಕೆ ಸರಿಹೊಂದುವ ಹೆಸರು ಕಾಣದಿದ್ದರೆ ಅಂದಾಜಿನಿಂದ ‘ಶಾಲೆ’ ಎಂದೋ ‘ಹಾಸ್ಟೆಲ್’ ಎಂದೋ ಒತ್ತಬೇಡಿ. ಮೊದಲು ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಹೋಗಿ ಯಾವ ವರ್ಗದಡಿ ಹಾಕಬೇಕು ಎಂದು ಕೇಳಿ. ತಪ್ಪು ವರ್ಗ ಆರಿಸಿದರೆ ಕಟ್ಟಿದ ಶುಲ್ಕವೂ ಹೋಗಬಹುದು, ಅರ್ಜಿಯೂ ಹೋಗಬಹುದು. ಮನೆಪಟ್ಟಿ ಬಾಕಿ ಇದ್ದರಂತೂ ಕೆಲಸ ಮುಂದಕ್ಕೆ ಸಾಗುವುದಿಲ್ಲ.

ಸಕಾಲ (ಸರ್ಕಾರಿ ಸೇವೆ ಗಡುವಿನೊಳಗೆ ಕೊಡಬೇಕೆನ್ನುವ ರಾಜ್ಯದ ಕಾಯ್ದೆ) ವ್ಯಾಪ್ತಿಯ ಅರ್ಜಿಗೆ ಸಕಾಲ ಸಂಖ್ಯೆ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ದುಡ್ಡಿಗಿಂತ ಮುಖ್ಯ, ಆ ಸಂಖ್ಯೆ ಹಿಡಿದು ಕೇಳಿದರೆ ಫೈಲ್ ಎಲ್ಲಿ ನಿಂತಿದೆ ಎಂದು ಗೊತ್ತಾಗುತ್ತದೆ.

ಹಂತ 6: ಅಡುಗೆ, ಗ್ಯಾಸ್, ಕರೆಂಟು

ಮಕ್ಕಳಿಗೆ ನೀವೇ ಅಡುಗೆ ಮಾಡಿ ಬಡಿಸಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಅದರ ಫಾಸ್ಕಾಸ್ (FoSCoS) ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆಯನ್ನು ಅಡುಗೆಮನೆಯ ಬಾಗಿಲ ಹತ್ತಿರ ಹಚ್ಚಿ. ಡಬ್ಬಿ ಮನೆಯಿಂದಲೇ ಬರುವುದಾದರೆ ಅದನ್ನು ಪಾಲಕರ ಕರಾರಿನಲ್ಲಿ ಬರೆಸಿ, ಮತ್ತೆ ‘ಒಂಚೂರು ಉಪ್ಪಿಟ್ಟು’ ಎಂದು ಶುರುಮಾಡಬೇಡಿ.

ದುಡ್ಡು ತೆಗೆದುಕೊಂಡು ಮಾಡುವ ಅಡುಗೆಗೆ ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್ ಬಳಸುವಂತಿಲ್ಲ. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ಸಂಪರ್ಕ ಬೇರೆಯೇ ತೆಗೆದುಕೊಳ್ಳಿ.

ಕರೆಂಟಿನ ವಿಷಯ ಬಹಳ ಮಂದಿಗೆ ಬಿಲ್ ಬಂದ ಮೇಲೆಯೇ ಗೊತ್ತಾಗುವುದು. ಮನೆಬಳಕೆಯ ಮೀಟರಿನಲ್ಲಿ ದಂಧೆ ನಡೆಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಅನಧಿಕೃತ ಬಳಕೆ ಎಂದು ಎರಡು ಪಟ್ಟು ದರ ಹಾಕಬಹುದು. ಗೃಹಜ್ಯೋತಿಯ ಉಚಿತ ಕರೆಂಟು ಗೃಹಬಳಕೆಗೆ ಮಾತ್ರ. ಹೆಸ್ಕಾಂನ ನಿಮ್ಮ ಉಪವಿಭಾಗಕ್ಕೆ ಹೋಗಿ, ನಿಮ್ಮ ಕೇಂದ್ರಕ್ಕೆ ಯಾವ ದರ ಅನ್ವಯ ಎಂದು ಬರವಣಿಗೆಯಲ್ಲಿ ಕೇಳಿ, ಬೇಕೆಂದರೆ ಬೇರೆ ಮೀಟರ್ ಹಾಕಿಸಿಕೊಳ್ಳಿ. ತಿಂಗಳಿಗೆ ನಾಲ್ಕು ಕಾಸು ಹೆಚ್ಚು ಹೋದರೂ ನೆಮ್ಮದಿ.

ಹಂತ 7: ಮನೆಯಲ್ಲಿರುವ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳು ಶಾಲೆ, ಶಿಶುಪಾಲನಾ ಕೇಂದ್ರ ಸೇರಿದಂತೆ ಮಕ್ಕಳ ಜೊತೆ ನಿತ್ಯ ಸಂಪರ್ಕ ಇರುವ ಎಲ್ಲ ಸಂಸ್ಥೆಗಳೂ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು ಎನ್ನುತ್ತವೆ. ಒಮ್ಮೆ ಮಾಡಿಸಿ ಫೈಲಿಗೆ ಹಾಕಿದರೆ ಮುಗಿಯಲಿಲ್ಲ.

ಆಯಾ ಒಬ್ಬರದ್ದೇ ಮಾಡಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಮನೆಯ ಡೇ ಕೇರ್ ಎಂದರೆ ಆ ಸೂರಿನ ಕೆಳಗೆ ಹಗಲು ಹೊತ್ತು ಓಡಾಡುವ ಎಲ್ಲರೂ ಮಕ್ಕಳ ಸಂಪರ್ಕಕ್ಕೆ ಬರುತ್ತಾರೆ. ಗಂಡ, ಮೈದುನ, ಕಾಲೇಜಿಗೆ ಹೋಗುವ ಮಗ, ಮಾಳಿಗೆ ಮೇಲಿನ ಕೋಣೆಯ ಬಾಡಿಗೆದಾರ, ಕರೆತಂದು ಬಿಡುವ ಆಟೊ ಚಾಲಕ, ಯಾರನ್ನೂ ಬಿಡದೆ ಪರಿಶೀಲನೆ ಮಾಡಿಸಿ. ‘ನಮ್ಮವರ ಮೇಲೇ ಅನುಮಾನವೇ’ ಎಂದು ಮನೆಯಲ್ಲಿ ಮುನಿಸು ಬರಬಹುದು. ನಾಲ್ಕು ಜನರ ಮಕ್ಕಳು ನಮ್ಮ ಹೊಣೆಯಲ್ಲಿರುತ್ತಾರೆ, ಕಾಗದ ಎಲ್ಲರಿಗೂ ಒಂದೇ ಎಂದು ಸಮಾಧಾನದಿಂದ ಹೇಳಿ ಮಾಡಿಸಿ. ಅದಕ್ಕೂ ಒಪ್ಪದವರು ಇದ್ದರೆ ಆ ಮನೆಯಲ್ಲಿ ಡೇ ಕೇರ್ ಬೇಡ ಎನ್ನುವುದು ನನ್ನ ಖಚಿತ ಮಾತು.

ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬಹುದು, ಪರಿಶೀಲನೆ ಅವರವರ ವಾಸದ ಠಾಣೆಯಿಂದ ನಡೆಯುತ್ತದೆ. ಅವಳಿ ನಗರದಲ್ಲಿ ಪೊಲೀಸ್ ಕಮಿಷನರೇಟ್ ವ್ಯಾಪ್ತಿ, ಗದಗ-ಹಾವೇರಿಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ವ್ಯಾಪ್ತಿ.

ಪೋಕ್ಸೊ ಕಾಯ್ದೆಯ 19ನೇ ಕಲಂ ಕೂಡ ತಿಳಿದಿರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ ಜೈಲು ಶಿಕ್ಷೆಯೂ ಆಗಬಹುದು. ಮಕ್ಕಳ ಸಹಾಯವಾಣಿ 1098, ತುರ್ತು ಸೇವೆ 112, ಆಂಬುಲೆನ್ಸ್ 108 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

ಕೆಲಸಕ್ಕೆ ಇಟ್ಟುಕೊಂಡವರ ಹಾಜರಿ ಮತ್ತು ಪಗಾರದ ಪುಸ್ತಕ ಮೊದಲ ದಿನದಿಂದಲೇ ಬರೆಯಿರಿ. ಕಾರ್ಮಿಕ ಇಲಾಖೆಯ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿಯನ್ನು ಕೆಲಸ ಶುರುವಾದ ಮೇಲೆ ಮಾಡಿಸಬಹುದು, ಹಾಗಾಗಿ ಇದನ್ನು ಕೊನೆಗೆ ಇಟ್ಟುಕೊಳ್ಳಿ. ನಿಮ್ಮಷ್ಟು ಸಣ್ಣ ಕೇಂದ್ರಕ್ಕೆ ಏನು ಅನ್ವಯ ಎಂದು ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ. ಹಳ್ಳಿಯಿಂದ ಸಣ್ಣ ಹುಡುಗಿಯನ್ನು ‘ಕೂಸು ಆಡಿಸಲಿಕ್ಕೆ’ ಕರೆತಂದು ಇಟ್ಟುಕೊಳ್ಳುವ ಹಳೆಯ ರೂಢಿ ಈಗ ಅಪರಾಧ. 14 ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ.

ಹಂತ 8: ಪಾಲಕರ ಜೊತೆ ಕಾಗದ

ಪ್ರತಿ ಮಗುವಿಗೂ ಬೇರೆ ಫೈಲ್ ಮಾಡಿ. ಅದರಲ್ಲಿ ತಾಯಿ ಕಾರ್ಡಿನ ಲಸಿಕೆ ಪುಟದ ಪ್ರತಿ, ಅಲರ್ಜಿ ವಿವರ, ತಂದೆ-ತಾಯಿ ಇಬ್ಬರ ಫೋನ್, ತೋರಿಸುವ ವೈದ್ಯರ ಫೋನ್, ಕರೆದೊಯ್ಯಲು ಒಪ್ಪಿಗೆ ಇರುವವರ ಹೆಸರು ಮತ್ತು ಫೋಟೊ ಇರಲಿ. “ನಾ ಅವರ ಕಾಕಾ ಅದೀನ್ರಿ, ಬಾಯಾರು ಕಳಿಸ್ಯಾರ” ಎಂದು ಯಾರೇ ಬಂದರೂ ಪಟ್ಟಿಯಲ್ಲಿ ಇಲ್ಲದಿದ್ದರೆ ಮಗುವನ್ನು ಕಳಿಸಬೇಡಿ. ತಾಯಿಗೆ ಫೋನ್ ಹಚ್ಚಿ, ಲಿಖಿತ ಮೆಸೇಜ್ ತರಿಸಿಕೊಂಡ ಮೇಲೆಯೇ ಕಳಿಸಿ.

ಔಷಧ ಕೊಡಲು ಸಹಿ ಇರುವ ಚೀಟಿ ಬೇಕು. ಯಾವುದು, ಎಷ್ಟು, ಎಷ್ಟು ಹೊತ್ತಿಗೆ ಎಂಬುದು ಅದರಲ್ಲೇ ಇರಲಿ. ತುರ್ತು ಸಂದರ್ಭದಲ್ಲಿ ಯಾವ ಆಸ್ಪತ್ರೆಗೆ ಒಯ್ಯಬಹುದು ಎಂಬ ಒಪ್ಪಿಗೆಯನ್ನೂ ಮೊದಲೇ ಬರೆಸಿಕೊಳ್ಳಿ. ಮಕ್ಕಳ ಫೋಟೊವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವುದಕ್ಕೂ ಪಾಲಕರ ಲಿಖಿತ ಒಪ್ಪಿಗೆ ಬೇಕು. ಮಕ್ಕಳ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಸಿಸಿಟಿವಿ ಹಾಕಿದರೆ ಪಡಸಾಲೆ ಮತ್ತು ಗೇಟಿಗೆ ಹಾಕಿ, ಬಟ್ಟೆ ಬದಲಿಸುವ ಜಾಗಕ್ಕೆ ಬೇಡ.

ಹಂತ 9: ಬೋರ್ಡು ಕೊನೆಗೆ

ಉದ್ದಿಮೆ ಪರವಾನಗಿ ಕೈಗೆ ಬಂದ ಮೇಲೆಯೇ ಬೋರ್ಡ್ ಬರೆಸಿ, ಆಮೇಲೆ ಮಕ್ಕಳನ್ನು ಸೇರಿಸಿಕೊಳ್ಳಿ. ನಾಮಫಲಕದಲ್ಲಿ 60 ಶೇಕಡಾ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ‘ಶಾಲೆ’, ‘ಕಾನ್ವೆಂಟ್’, ‘ಅಕಾಡೆಮಿ’ ಎಂಬ ಪದಗಳು ಬೇಡ. ‘ಹಗಲು ಶಿಶುಪಾಲನಾ ಕೇಂದ್ರ’ ಎಂದರೆ ಸಾಕು, ಹಂತ 1ರ ಪುಟದಲ್ಲಿ ಇದ್ದ ಅದೇ ಹೆಸರು.

ಇಂಥದ್ದು ಕಂಡರೆ ಅಲ್ಲೇ ನಿಲ್ಲಿ

ಏಜೆಂಟ್ ಒಬ್ಬರು ಸಾವಿರಾರು ರೂಪಾಯಿ ತೆಗೆದುಕೊಂಡು ‘ಸೆಂಟ್ರಲ್ ಗೌರ್ಮೆಂಟ್ ಲೈಸೆನ್ಸ್’ ಎಂದು ಒಂದು ಹಾಳೆ ಕೊಟ್ಟರೆ ಮೇಲೆ ಏನು ಬರೆದಿದೆ ಓದಿ. ಬಹಳ ಸಲ ಅದು ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ. ಆ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ನೀವೇ ಮಾಡಿಕೊಳ್ಳಬಹುದು. ಬ್ಯಾಂಕ್ ಸಾಲಕ್ಕೆ ಉಪಯೋಗ ಬರುತ್ತದೆ, ಮಕ್ಕಳನ್ನು ನೋಡಿಕೊಳ್ಳಲು ಅದು ಪರವಾನಗಿ ಅಲ್ಲ. ಫ್ರಾಂಚೈಸಿ ಕಂಪನಿಯವರು ‘ನಮ್ಮ ಲೈಸೆನ್ಸ್ ನಿಮಗೂ ಸಾಕು’ ಎಂದರೆ ನಂಬಬೇಡಿ. ಉದ್ದಿಮೆ ಪರವಾನಗಿ ಇರುವುದು ಆ ವಿಳಾಸಕ್ಕೆ.

ಪರವಾನಗಿ ಹಾಳೆಯಲ್ಲಿ ವಿಳಾಸ ಅಥವಾ ಸಿಟಿಎಸ್ ನಂಬರ್ ತಪ್ಪಾಗಿದ್ದರೆ ಆ ವಾರವೇ ತಿದ್ದುಪಡಿಗೆ ಕೊಡಿ. ರಶೀದಿ ಇಲ್ಲದೆ ಯಾರ ಕೈಗೂ ದುಡ್ಡು ಕೊಡಬೇಡಿ, ಶುಲ್ಕವೆಲ್ಲ ಚಲನ್ ಅಥವಾ ಆನ್‌ಲೈನ್ ಮೂಲಕವೇ ಹೋಗಲಿ. ನೆರೆಯವರು ಒಮ್ಮೆ ಗದ್ದಲದ ಬಗ್ಗೆ ದೂರಿದರೆ ಎರಡನೆಯ ಸಲದ ವರೆಗೆ ಕಾಯಬೇಡಿ. ಪಾಲಿಕೆಗೆ ಹೋಗುವ ದೂರು ಮಕ್ಕಳ ಅಳುವಿನದ್ದೇ ಆಗಬೇಕಿಲ್ಲ, ಮುಂಜಾನೆ ಸಂಜೆ ಗೇಟಿಗೆ ಅಡ್ಡ ನಿಲ್ಲಿಸುವ ಗಾಡಿಗಳದ್ದೂ ಆಗಬಹುದು. ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ಪಾಲಕರಿಗೆ ಸೇರುವ ದಿನವೇ ಹೇಳಿಬಿಡಿ.

ಎಲ್ಲ ಪರವಾನಗಿಗಳ ಮುಕ್ತಾಯ ದಿನಾಂಕವನ್ನು ಫೈಲಿನ ಮೊದಲ ಹಾಳೆಯಲ್ಲೇ ಬರೆಯಿರಿ. ಉದ್ದಿಮೆ ಪರವಾನಗಿಗೆ ಸಾಮಾನ್ಯವಾಗಿ ಆರ್ಥಿಕ ವರ್ಷದ ಲೆಕ್ಕ, ಆದ್ದರಿಂದ ಮಾರ್ಚ್ 31ಕ್ಕೆ ಕಾಯದೆ ಫೆಬ್ರುವರಿಯಲ್ಲೇ ಮನೆಪಟ್ಟಿ ಬಾಕಿ ತೀರಿಸಿ ನವೀಕರಣಕ್ಕೆ ಅರ್ಜಿ ಹಾಕಿ. ಮನೆ ಬದಲಿಸಿದರೆ ಹಳೆಯ ಪರವಾನಗಿ ಹೊಸ ಮನೆಗೆ ನಡೆಯುವುದಿಲ್ಲ. ಹಂತ 2ರಿಂದ ಮತ್ತೆ ಶುರುಮಾಡಬೇಕು.